ಇದ್ದ ಫೈಲಿಗೆ ಕೈ ಹಾಕದ ಸ್ಟೋ: ಆರು ವರ್ಷ ಬಳಸಿದ ಮೇಲೆ

ಒಂದು ಕಡೆ ಇಟ್ಟ ಫೈಲುಗಳಿಗೆ ಇನ್ನೊಂದು ಕಡೆ ಲಿಂಕ್ ಹಾಕಿಕೊಡುವ ಟೂಲ್ ಗ್ನೂ ಸ್ಟೋ. ನಾನು ಅದನ್ನು ಬಳಸಲು ಶುರು ಮಾಡಿದ್ದು ಒಂದು ಫೈಲ್ ಕಳೆದುಕೊಂಡ ಮೇಲೆ.

ಆಗ ನನ್ನ ಸೆಟ್ಟಿಂಗ್ ಫೈಲುಗಳೆಲ್ಲ ಒಂದು ಗಿಟ್ ಫೋಲ್ಡರಿನಲ್ಲಿದ್ದವು (ಗಿಟ್ ಅಂದರೆ ಫೈಲುಗಳ ಹಳೇ ಪ್ರತಿಗಳನ್ನೆಲ್ಲ ಕಾಪಾಡುವ ಟೂಲ್). ಮಷೀನ್ ಬದಲಾದಾಗಲೆಲ್ಲ ನಾನೇ ಬರೆದ ಹದಿನೈದು ಸಾಲಿನ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳ ಪಟ್ಟಿ) ಓಡಿಸುತ್ತಿದ್ದೆ. ಅದು ಪ್ರತಿ ಫೈಲಿಗೂ ಹೋಮ್ ಫೋಲ್ಡರಿನಲ್ಲಿ ಒಂದು ಸಿಮ್‌ಲಿಂಕ್, ಅಂದರೆ ಅಸಲಿ ಫೈಲಿನ ಕಡೆಗೆ ಬೊಟ್ಟು ಮಾಡುವ ಹೆಸರು, ಹಾಕುತ್ತಿತ್ತು. ಕೆಲಸ ಸಲೀಸಾಗಲಿ ಅಂತ ಲಿಂಕ್ ಹಾಕುವ ಎಲ್‌ಎನ್ ಕಮಾಂಡಿಗೆ ಎಫ್ ಆಪ್ಷನ್ ಸೇರಿಸಿದ್ದೆ. ಅಲ್ಲಿ ಮೊದಲೇ ಫೈಲ್ ಇದ್ದರೆ ಅಳಿಸಿ ಲಿಂಕ್ ಹಾಕು ಅಂತ ಅದರ ಅರ್ಥ. ಅದು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಒಂದು ದಿನ ಹಳೇ ಮಷೀನಿನಲ್ಲೇ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿದೆ. ದೂರದ ಸರ್ವರ್‌ಗಳಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಫೈಲ್ (ಕಾನ್ಫಿಗ್) ಅಲ್ಲಿ ಲಿಂಕ್ ಆಗಿರಲಿಲ್ಲ, ನಿಜವಾದ ಫೈಲಾಗಿತ್ತು. ನಲವತ್ತು ಸರ್ವರ್‌ಗಳ ಹೆಸರು, ಪೋರ್ಟು, ಯಾವುದಕ್ಕೆ ಯಾವ ಕೀ ಅನ್ನುವುದೆಲ್ಲ ಅದರಲ್ಲಿತ್ತು. ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ಗಿಟ್‌ನಲ್ಲಿ ಇದ್ದದ್ದು ಒಂದು ವರ್ಷ ಹಳೇ ಪ್ರತಿ.

ಆ ಸಂಜೆ ನನಗೆ ಬೇಕಾಗಿದ್ದದ್ದು ಇಷ್ಟೇ: ಲಿಂಕ್ ಹಾಕುವ ಜಾಗದಲ್ಲಿ ಏನಾದರೂ ಇದ್ದರೆ ನಿಂತು ಹೇಳುವ ಒಂದು ಟೂಲ್. ಸ್ಟೋ ಮಾಡುವುದು ಮುಖ್ಯವಾಗಿ ಅದನ್ನೇ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಸ್ಟೋ ಪರ್ಲ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ. ಮೊದಲು ಬರೆದವರು ಬಾಬ್ ಗ್ಲಿಕ್‌ಸ್ಟೀನ್. ಕೋಡಿನ ಕಾಪಿರೈಟ್ ಸಾಲು 1993ರಿಂದ ಶುರುವಾಗುತ್ತದೆ. ಈಚಿನ ಆವೃತ್ತಿಗಳನ್ನು ನೋಡಿಕೊಂಡವರು ಆಡಂ ಸ್ಪೈಯರ್ಸ್. ಇಷ್ಟು ವರ್ಷವಾದರೂ ಅದರ ಕೆಲಸ ಬದಲಾಗಿಲ್ಲ. ನೀವು ಒಂದು ಫೋಲ್ಡರಿನಲ್ಲಿ ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಒಳಫೋಲ್ಡರ್ ಇಡುತ್ತೀರಿ. ಅದಕ್ಕೆ ಪ್ಯಾಕೇಜ್ ಅಂತ ಹೆಸರು. ಸ್ಟೋಗೆ ಆ ಹೆಸರು ಹೇಳಿದರೆ ಒಳಗಿನ ಫೈಲುಗಳಿಗೆಲ್ಲ ಒಂದು ಮೇಲಿನ ಫೋಲ್ಡರಿನಲ್ಲಿ ಲಿಂಕ್ ಹಾಕುತ್ತದೆ. ಬೇಡ ಅಂದರೆ ಆ ಲಿಂಕುಗಳನ್ನಷ್ಟೇ ತೆಗೆಯುತ್ತದೆ. ಯಾವುದು ತನ್ನದು ಅಂತ ಬರೆದಿಟ್ಟುಕೊಳ್ಳುವ ಡೇಟಾಬೇಸ್ ಇಲ್ಲ. ಲಿಂಕ್ ಎಲ್ಲಿಗೆ ಬೊಟ್ಟು ಮಾಡುತ್ತಿದೆ ಅಂತ ನೋಡುತ್ತದೆ. ತನ್ನ ಫೋಲ್ಡರಿನ ಕಡೆಗಿದ್ದರೆ ತನ್ನದು, ಇಲ್ಲದಿದ್ದರೆ ಬೇರೆಯವರದು. ಬೇರೆಯವರದನ್ನು ಅದು ಅಳಿಸುವುದಿಲ್ಲ.

ಮೊದಲ ಸಲ ಓಡಿಸಿದಾಗ ಬಹಳ ಜನಕ್ಕೆ ಬೇಸರ ಆಗುವುದೂ ಇಲ್ಲೇ. ಸಿಸ್ಟಂ ಹೊಸದಾಗಿ ಹಾಕಿರುತ್ತೀರಿ. ಗಿಟ್‌ನಿಂದ ಫೈಲುಗಳನ್ನು ಇಳಿಸಿಕೊಂಡಿರುತ್ತೀರಿ. ಬ್ಯಾಶ್ (ಕಮಾಂಡ್ ಓಡಿಸುವ ಶೆಲ್) ಪ್ಯಾಕೇಜಿನ ಹೆಸರು ಕೊಟ್ಟು ಎಂಟರ್ ಒತ್ತಿದರೆ ತಕರಾರು ಬರುತ್ತದೆ. ಅಲ್ಲಿರುವುದು ಲಿಂಕೂ ಅಲ್ಲ, ಫೋಲ್ಡರೂ ಅಲ್ಲ, ಆದ್ದರಿಂದ ಎಲ್ಲ ಕೆಲಸವನ್ನೂ ನಿಲ್ಲಿಸಿದ್ದೇನೆ ಅನ್ನುತ್ತದೆ. ನೀವು ಇನ್ನೂ ಏನನ್ನೂ ಬರೆದೇ ಇಲ್ಲ, ಆ ಫೈಲ್ ಎಲ್ಲಿಂದ ಬಂತು? ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಹೊಸ ಯೂಸರ್ ಮಾಡಿದಾಗ ಇಟಿಸಿ ಒಳಗಿನ ಸ್ಕೆಲ್ ಫೋಲ್ಡರಿನಿಂದ ಬ್ಯಾಶ್‌ಆರ್‌ಸಿ, ಪ್ರೊಫೈಲ್, ಬ್ಯಾಶ್ ಲಾಗೌಟ್ ಈ ಮೂರು ಸೆಟ್ಟಿಂಗ್ ಫೈಲುಗಳೂ ಹೋಮ್ ಫೋಲ್ಡರಿಗೆ ಕಾಪಿ ಆಗುತ್ತವೆ. ನಿಮಗಿಂತ ಮೊದಲೇ ಬಂದು ಕೂತಿರುತ್ತವೆ. ಕೆಲವು ಪ್ರೋಗ್ರಾಂಗಳೂ ಹಾಗೇ. ಒಮ್ಮೆ ತೆರೆದರೆ ಸಾಕು, ತಮ್ಮದೊಂದು ಸೆಟ್ಟಿಂಗ್ ಫೈಲ್ ಬರೆದುಬಿಡುತ್ತವೆ.

ಈ ತಕರಾರಿನಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. 2.0 ಆವೃತ್ತಿಯಿಂದ ಸ್ಟೋ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಎಲ್ಲವನ್ನೂ ನೋಡಿ ಎಲ್ಲೆಲ್ಲಿ ಅಡ್ಡ ಇದೆ ಅಂತ ಲೆಕ್ಕ ಹಾಕುತ್ತದೆ. ಒಂದೇ ಒಂದು ಅಡ್ಡ ಸಿಕ್ಕರೂ ಡಿಸ್ಕಿನಲ್ಲಿ ಏನನ್ನೂ ಮುಟ್ಟುವುದಿಲ್ಲ. ನೀವು ಹತ್ತು ಪ್ಯಾಕೇಜ್ ಒಟ್ಟಿಗೆ ಕೊಟ್ಟು ಒಂಬತ್ತನೆಯದರಲ್ಲಿ ತೊಂದರೆ ಇದ್ದರೂ ಮೊದಲ ಎಂಟಕ್ಕೆ ಲಿಂಕ್ ಬಿದ್ದಿರುವುದಿಲ್ಲ. ನನ್ನ ಹಳೇ ಸ್ಕ್ರಿಪ್ಟ್ ಅರ್ಧದಲ್ಲಿ ನಿಂತರೆ ಅರ್ಧ ಮನೆ ಸುಣ್ಣ ಬಳಿದ ಹಾಗಿರುತ್ತಿತ್ತು. ಎಲ್ಲಿಯವರೆಗೆ ಆಗಿದೆ ಅಂತ ಹುಡುಕುವುದೇ ಒಂದು ಕೆಲಸ. ಇಲ್ಲಿ ಆ ಗೋಳಿಲ್ಲ. ಎಲ್ಲ ತಕರಾರುಗಳ ಪಟ್ಟಿಯೂ ಒಂದೇ ಸಲಕ್ಕೆ ಸಿಗುತ್ತದೆ.

ಸಣ್ಣ ಎನ್ ಆಪ್ಷನ್ ಕೊಟ್ಟರೆ ಎರಡನೇ ಹಂತಕ್ಕೆ ಹೋಗುವುದೇ ಇಲ್ಲ, ಬರೀ ತಾಲೀಮು. ಜೊತೆಗೆ ವಿ ಆಪ್ಷನ್ ಸೇರಿಸಿದರೆ ಯಾವ ಲಿಂಕ್ ಎಲ್ಲಿ ಬೀಳುತ್ತದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಆರು ವರ್ಷದಲ್ಲಿ ಇವೆರಡನ್ನು ಬಿಟ್ಟು ನಾನು ನೇರವಾಗಿ ಓಡಿಸಿದ್ದು ತೀರಾ ಕಡಿಮೆ.

ಇನ್ನು ಅಡಾಪ್ಟ್ ಆಪ್ಷನ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ತಕರಾರು ಬಂದಾಗ ಯಾರನ್ನು ಕೇಳಿದರೂ ಅಡಾಪ್ಟ್ ಹಾಕಿ, ಸರಿ ಹೋಗುತ್ತೆ ಅನ್ನುತ್ತಾರೆ. ಸರಿ ಹೋಗುವುದು ನಿಜ. ಆದರೆ ಯಾವ ದಿಕ್ಕಿನಲ್ಲಿ ಅಂತ ಬಹಳ ಜನ ಹೇಳುವುದಿಲ್ಲ. ನಾವು ಅಂದುಕೊಳ್ಳುವುದು, ಹೋಮ್‌ನಲ್ಲಿರುವ ಫೈಲ್ ಹೋಗಿ ನನ್ನ ಪ್ಯಾಕೇಜಿನ ಫೈಲ್ ಬರುತ್ತದೆ ಅಂತ. ನಡೆಯುವುದು ಅದರ ಉಲ್ಟಾ. ಹೋಮ್‌ನಲ್ಲಿರುವ ಫೈಲನ್ನು ಎತ್ತಿ ಪ್ಯಾಕೇಜಿನ ಒಳಗೆ ಇಡುತ್ತದೆ. ಅಲ್ಲಿದ್ದ ನಿಮ್ಮ ಫೈಲಿನ ಜಾಗದಲ್ಲಿ ಅದು ಕೂರುತ್ತದೆ. ಆಮೇಲೆ ಲಿಂಕ್ ಹಾಕುತ್ತದೆ. ಅಂದರೆ ಗೆಲ್ಲುವುದು ಮೊದಲೇ ಇದ್ದ ಫೈಲು. ನೀವು ಜೋಪಾನವಾಗಿ ಕಾಪಾಡಿಕೊಂಡು ಬಂದ ಬ್ಯಾಶ್‌ಆರ್‌ಸಿ ಹೋಗಿ ಸ್ಕೆಲ್‌ನಿಂದ ಬಂದ ಬ್ಯಾಶ್‌ಆರ್‌ಸಿ ಪ್ಯಾಕೇಜಿನಲ್ಲಿರುತ್ತದೆ. ಕೈಪಿಡಿಯಲ್ಲಿ ಇದಕ್ಕೆ ಎಚ್ಚರಿಕೆಯ ಮಾತು ಇದೆ. ಆದರೆ ಆಪ್ಷನ್ನಿನ ಹೆಸರು ನೋಡಿ ಅದು ಹೊಳೆಯುವುದಿಲ್ಲ ಅಲ್ವಾ.

ಹಾಗಾದರೆ ಅದು ಯಾಕೆ ಬೇಕು? ಗಿಟ್ ಇದ್ದರೆ ಅದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ನಾನು ಮಾಡುವುದು ಹೀಗೆ. ಮೊದಲು ಪ್ಯಾಕೇಜುಗಳ ಫೋಲ್ಡರಿನಲ್ಲಿ ಕಮಿಟ್ ಆಗದೆ (ಗಿಟ್‌ನಲ್ಲಿ ದಾಖಲಾಗದೆ) ಉಳಿದದ್ದು ಒಂದೂ ಇಲ್ಲ ಅಂತ ನೋಡಿಕೊಳ್ಳುತ್ತೇನೆ. ಇದೊಂದನ್ನು ದಯವಿಟ್ಟು ತಪ್ಪಿಸಬೇಡಿ. ಕಮಿಟ್ ಆಗದ ಬದಲಾವಣೆ ಇದ್ದರೆ ಅಡಾಪ್ಟ್ ಅದರ ಮೇಲೇ ಕೂರುತ್ತದೆ, ಮತ್ತೆ ಸಿಗುವುದಿಲ್ಲ. ಆಮೇಲೆ ಅಡಾಪ್ಟ್. ಆಮೇಲೆ ಗಿಟ್ ಡಿಫ್. ಹೊಸ ಸಿಸ್ಟಂ ತಂದ ಫೈಲಿಗೂ ನನ್ನ ಫೈಲಿಗೂ ಏನು ವ್ಯತ್ಯಾಸ ಅಂತ ಕೆಂಪು ಹಸಿರು ಸಾಲುಗಳಲ್ಲಿ ಎದುರಿಗೇ ಇರುತ್ತದೆ. ಬೇಕಾದ ಸಾಲನ್ನು ಇಟ್ಟುಕೊಂಡು, ಉಳಿದದ್ದನ್ನು ಗಿಟ್ ಚೆಕೌಟ್‌ನಿಂದ ಹಿಂದಕ್ಕೆ ತರುತ್ತೇನೆ. ಲಿಂಕ್ ಹೇಗೂ ಬಿದ್ದಿರುತ್ತದೆ, ಆದ್ದರಿಂದ ಮತ್ತೆ ಸ್ಟೋ ಓಡಿಸಬೇಕಾಗಿಲ್ಲ. ಇನ್ನೊಂದು ಸಮಾಧಾನ ಏನೆಂದರೆ, ನಿಮ್ಮ ಪ್ಯಾಕೇಜಿನಲ್ಲೂ ಅದೇ ಹೆಸರಿನ ಫೈಲ್ ಇದ್ದರೆ ಮಾತ್ರ ಅಡಾಪ್ಟ್ ಅದನ್ನು ಎತ್ತುತ್ತದೆ. ಪಕ್ಕದಲ್ಲಿರುವ ಬೇರೆ ಫೈಲುಗಳ ತಂಟೆಗೆ ಹೋಗುವುದಿಲ್ಲ.

ಓವರ್‌ರೈಡ್ ಅಂತ ಇನ್ನೊಂದು ಆಪ್ಷನ್ ಇದೆ. ಹೆಸರು ನೋಡಿ ಇದ್ದ ಫೈಲಿನ ಮೇಲೆ ಬರೆಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಅದು ಬೇರೆ ಸ್ಟೋ ಪ್ಯಾಕೇಜ್ ಹಾಕಿದ ಲಿಂಕನ್ನು ಬದಲಿಸುತ್ತದೆ ಅಷ್ಟೇ. ನಿಜವಾದ ಫೈಲ್ ಎದುರಾದರೆ ಅದೂ ತಕರಾರು ಮಾಡುತ್ತದೆ.

ಇನ್ನೊಂದು ತೊಂದರೆ ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಲಿಂಕ್ ಸರಿಯಾಗಿ ಬಿದ್ದಿರುತ್ತದೆ. ಕೆಲವು ವಾರ ಬಿಟ್ಟು ನೋಡಿದರೆ ಅಲ್ಲಿ ಲಿಂಕ್ ಇಲ್ಲ, ಫೈಲ್ ಇದೆ. ಯಾರು ಬದಲಿಸಿದರು? ನಾನೇ. ಟರ್ಮಿನಲ್ಲಿನ ಅಕ್ಷರದ ಅಳತೆ ಬದಲಿಸಲು ಫೈಲಿನ ಸಾಲುಗಳನ್ನು ತಿದ್ದುವ ಸೆಡ್ ಕಮಾಂಡಿಗೆ ಐ ಆಪ್ಷನ್ ಕೊಟ್ಟು ಹೋಮ್‌ನಲ್ಲಿದ್ದ ಕಾನ್ಫಿಗ್ ಮೇಲೆ ಓಡಿಸಿದ್ದೆ. ಗ್ನೂ ಸೆಡ್ ಇದ್ದ ಫೈಲಿನೊಳಗೆ ತಿದ್ದುವುದಿಲ್ಲ. ಹೊಸ ಫೈಲ್ ಬರೆದು ಹಳೇ ಹೆಸರಿಗೆ ರಿನೇಮ್ ಮಾಡುತ್ತದೆ. ಆ ರಿನೇಮ್‌ನಲ್ಲಿ ಲಿಂಕ್ ಹೋಗಿ ಅಸಲಿ ಫೈಲ್ ಬಂದು ಕೂರುತ್ತದೆ. ಫಾಲೋ ಸಿಮ್‌ಲಿಂಕ್ಸ್ ಅನ್ನುವ ಆಪ್ಷನ್ ಕೊಟ್ಟರೆ ಮಾತ್ರ ಲಿಂಕ್ ಉಳಿಯುತ್ತದೆ. ಸೇವ್ ಮಾಡುವಾಗ ಇದೇ ಥರ ಹೊಸ ಫೈಲ್ ಬರೆದು ರಿನೇಮ್ ಮಾಡುವ ಪ್ರೋಗ್ರಾಂಗಳು ಇನ್ನೂ ಇವೆ. ಕರೆಂಟ್ ಹೋದರೆ ಫೈಲ್ ಅರ್ಧಂಬರ್ಧ ಆಗದಿರಲಿ ಅಂತ ಅವು ಹಾಗೆ ಮಾಡುತ್ತವೆ. ಅವುಗಳದ್ದೂ ತಪ್ಪಲ್ಲ.

ಮೂರು ವಾರ ಆ ಕಾನ್ಫಿಗ್‌ನಲ್ಲಿ ಮಾಡಿದ ಬದಲಾವಣೆ ಒಂದೂ ಗಿಟ್‌ಗೆ ಹೋಗಿರಲಿಲ್ಲ. ಗಿಟ್ ಸ್ಟೇಟಸ್ ನೋಡಿದರೆ ಎಲ್ಲ ಸರಿಯಾಗಿದೆ ಅನ್ನುತ್ತಿತ್ತು. ಕೊನೆಗೆ ಸಿಕ್ಕಿದ್ದು ಸ್ಟೋನ ತಾಲೀಮಿನಲ್ಲಿ. ಅದೇ ತಕರಾರು, ಲಿಂಕೂ ಅಲ್ಲ, ಫೋಲ್ಡರೂ ಅಲ್ಲ. ಈ ಸಲ ಅಡಾಪ್ಟ್ ಮಾಡಿದ್ದೇ ನನಗೆ ಬೇಕಾದದ್ದು. ಮೂರು ವಾರದ ತಿದ್ದುಪಡಿ ಪ್ಯಾಕೇಜಿಗೆ ಬಂತು, ಡಿಫ್ ನೋಡಿ ಕಮಿಟ್ ಮಾಡಿದೆ. ಆವತ್ತಿನಿಂದ ವಾರಕ್ಕೊಮ್ಮೆ ಎಲ್ಲ ಪ್ಯಾಕೇಜುಗಳ ಮೇಲೂ ತಾಲೀಮು ಓಡಿಸುತ್ತೇನೆ. ಎರಡು ಸೆಕೆಂಡಿನ ಕೆಲಸ.

ಸ್ಟೋ ಬಗ್ಗೆ ನನ್ನ ದೊಡ್ಡ ದೂರು ಮಡಚುವ ಅಭ್ಯಾಸದ್ದು. ಟಾರ್ಗೆಟ್‌ನಲ್ಲಿ, ಅಂದರೆ ಲಿಂಕ್ ಬೀಳುವ ಜಾಗದಲ್ಲಿ, ಒಂದು ಫೋಲ್ಡರ್ ಇಲ್ಲವೇ ಇಲ್ಲ ಅಂದರೆ, ಅದನ್ನು ಮಾಡಿ ಒಳಗೆ ಒಂದೊಂದೇ ಲಿಂಕ್ ಹಾಕುವ ಬದಲು ಇಡೀ ಫೋಲ್ಡರಿಗೇ ಒಂದು ಲಿಂಕ್ ಹಾಕಿಬಿಡುತ್ತದೆ. ಲಿಂಕುಗಳ ಸಂಖ್ಯೆ ಕಡಿಮೆ ಆಗಲಿ ಅಂತ ಈ ಏರ್ಪಾಡು. ಆಮೇಲೆ ಇನ್ನೊಂದು ಪ್ಯಾಕೇಜಿಗೂ ಅದೇ ಫೋಲ್ಡರ್ ಬೇಕಾದರೆ, ಆ ಲಿಂಕ್ ತೆಗೆದು ನಿಜವಾದ ಫೋಲ್ಡರ್ ಮಾಡಿ ಎರಡಕ್ಕೂ ಬೇರೆ ಬೇರೆ ಲಿಂಕ್ ಹಾಕುತ್ತದೆ. ಜಾಣತನದ ಕೆಲಸವೇ, ಇಲ್ಲ ಅನ್ನುವುದಿಲ್ಲ.

ಆದರೆ ಹೊಸ ಸಿಸ್ಟಂನಲ್ಲಿ ಪ್ರೋಗ್ರಾಂಗಳು ಸೆಟ್ಟಿಂಗ್ ಇಡುವ ಕಾನ್ಫಿಗ್ ಫೋಲ್ಡರೇ ಇನ್ನೂ ಹುಟ್ಟಿಲ್ಲದಿದ್ದಾಗ ಏನಾಗುತ್ತದೆ ನೋಡಿ. ನನಗೆ ಆದದ್ದು ಇದು. ಟರ್ಮಿನಲ್ ಪ್ಯಾಕೇಜನ್ನು ಮೊದಲು ಹಾಕಿದೆ. ಇಡೀ ಕಾನ್ಫಿಗ್ ಫೋಲ್ಡರ್ ನನ್ನ ಪ್ಯಾಕೇಜಿನ ಕಡೆಗೆ ಒಂದು ಲಿಂಕ್ ಆಯಿತು. ಆಮೇಲೆ ತೆರೆದ ಪ್ರತಿ ಪ್ರೋಗ್ರಾಂ ತನ್ನ ಸೆಟ್ಟಿಂಗು, ಹಿಸ್ಟರಿ, ಲಾಗಿನ್ ಟೋಕನ್ ಎಲ್ಲವನ್ನೂ ಆ ಲಿಂಕಿನ ಮೂಲಕ ತಂದು ನನ್ನ ಗಿಟ್ ಫೋಲ್ಡರಿನೊಳಗೆ ಸುರಿಯಿತು. ಸಂಜೆ ಗಿಟ್ ಸ್ಟೇಟಸ್ ಹೊಡೆದರೆ ನೂರಕ್ಕೂ ಜಾಸ್ತಿ ಹೊಸ ಫೈಲು. ನೋಡದೆ ಕಮಿಟ್ ಮಾಡಿ ಪುಶ್ ಮಾಡಿದ್ದರೆ ಟೋಕನ್‌ಗಳೂ ಹೊರಗೆ ಹೋಗುತ್ತಿದ್ದವು. ಎದೆ ಧಸಕ್ ಅಂದಿತು.

ನೋ ಫೋಲ್ಡಿಂಗ್ ಅನ್ನುವ ಆಪ್ಷನ್ ಇದಕ್ಕೆ ಮದ್ದು. ಫೋಲ್ಡರುಗಳನ್ನು ನಿಜವಾಗಿ ಮಾಡಿ ಫೈಲುಗಳಿಗೆ ಮಾತ್ರ ಲಿಂಕ್ ಹಾಕುತ್ತದೆ. ನಾನು ಅದನ್ನು ಹೋಮ್‌ನಲ್ಲಿರುವ ಸ್ಟೋಆರ್‌ಸಿ ಫೈಲಿನಲ್ಲಿ ಬರೆದಿಟ್ಟಿದ್ದೇನೆ, ಪ್ರತಿ ಸಲ ಟೈಪ್ ಮಾಡುವುದಿಲ್ಲ. ಇದಕ್ಕೊಂದು ಬೆಲೆಯೂ ಇದೆ. ಪ್ಯಾಕೇಜಿಗೆ ಹೊಸ ಫೈಲ್ ಸೇರಿಸಿದರೆ ಸ್ಟೋ ಮತ್ತೆ ಓಡಿಸಬೇಕು, ಮಡಚಿದ ಫೋಲ್ಡರಿನಲ್ಲಾದರೆ ಅದು ತಾನಾಗಿ ಕಾಣುತ್ತಿತ್ತು. ನನಗೆ ಅದು ಒಪ್ಪಿಗೆ. ಹೋಮ್ ಫೋಲ್ಡರಿಗೆ ಇದೇ ಮೊದಲಿನಿಂದ ಇರುವ ನಡವಳಿಕೆ ಆಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಸ್ಟೋ ಹುಟ್ಟಿದ್ದು ಹೋಮ್ ಫೋಲ್ಡರಿಗಾಗಿ ಅಲ್ಲ. ಸೋರ್ಸ್‌ನಿಂದ ಕಂಪೈಲ್ ಮಾಡಿದ ಸಾಫ್ಟ್‌ವೇರನ್ನು ಯೂಸರ್ ಲೋಕಲ್ (/usr/local) ಫೋಲ್ಡರಿನಲ್ಲಿ ಅಚ್ಚುಕಟ್ಟಾಗಿ ಇಡುವುದಕ್ಕೆ. ಅಲ್ಲಿ ಇದರ ಬೆಲೆ ಗೊತ್ತಾಗುವುದು ಮರು ಇನ್‌ಸ್ಟಾಲ್ ಮಾಡುವಾಗ. ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಯೂಸರ್ ಲೋಕಲ್ ಅಂತಲೇ ಕಾನ್ಫಿಗರ್ ಮಾಡಿ, ಮೇಕ್ ಇನ್‌ಸ್ಟಾಲ್ ಮಾಡುವಾಗ ಮಾತ್ರ ಸ್ಟೋ ಒಳಗಿನ ಪ್ಯಾಕೇಜ್ ಫೋಲ್ಡರಿಗೆ ಕಳಿಸಬೇಕು. ನಾನು ವಿಮ್ ಎಡಿಟರಿನ 9.0 ಒಂದು ಫೋಲ್ಡರಿನಲ್ಲಿ, 9.1 ಇನ್ನೊಂದರಲ್ಲಿ ಇಟ್ಟಿದ್ದೇನೆ. ಹಳೆಯದನ್ನು ಬಿಚ್ಚು (ಲಿಂಕ್ ತೆಗೆ), ಹೊಸದನ್ನು ಕಟ್ಟು (ಲಿಂಕ್ ಹಾಕು) ಅಂತ ಒಂದೇ ಕಮಾಂಡಿನಲ್ಲಿ ಹೇಳಬಹುದು. ಕ್ಯಾಪಿಟಲ್ ಡಿ ಕೊಟ್ಟು ಹಳೇ ಹೆಸರು, ಕ್ಯಾಪಿಟಲ್ ಎಸ್ ಕೊಟ್ಟು ಹೊಸ ಹೆಸರು. ಬಿಚ್ಚುವುದೆಲ್ಲ ಮೊದಲು ನಡೆಯುತ್ತದೆ, ಕಟ್ಟುವುದು ಆಮೇಲೆ. ಹೊಸದು ಸರಿ ಇಲ್ಲ ಅಂದರೆ ಎರಡು ಹೆಸರನ್ನು ಅದಲು ಬದಲು ಮಾಡಿ ಓಡಿಸಿದರೆ ಹಿಂದಿನ ಸ್ಥಿತಿ.

ಅದೇ ಫೋಲ್ಡರಿನಲ್ಲೇ ಹೊಸದನ್ನು ತುಂಬಿದ್ದರೆ ಕ್ಯಾಪಿಟಲ್ ಆರ್ ಸಾಕು. ಬಿಚ್ಚಿ ಮತ್ತೆ ಕಟ್ಟುತ್ತದೆ. ಒಂದು ಮಾತು ನೆನಪಿರಲಿ, ಹಳೇ ಪ್ಯಾಕೇಜನ್ನು ಬಿಚ್ಚುವ ಮೊದಲೇ ಅದರ ಫೋಲ್ಡರನ್ನು ಅಳಿಸಬೇಡಿ. ಪ್ಯಾಕೇಜಿನಲ್ಲಿ ಏನಿದೆ ಅಂತ ನೋಡಿಕೊಂಡೇ ಸ್ಟೋ ಲಿಂಕ್ ಹುಡುಕುವುದು. ಅಲ್ಲಿ ಏನೂ ಇಲ್ಲದಿದ್ದರೆ ಎಲ್ಲಿಗೂ ತಲುಪದ ಲಿಂಕುಗಳು ಉಳಿದುಬಿಡುತ್ತವೆ. ನನಗೆ ಹಾಗೆ ಒಮ್ಮೆ ಆಗಿದೆ. ಆಗ ನೆರವಿಗೆ ಬಂದದ್ದು ಸ್ಟೋ ಜೊತೆಗೇ ಬರುವ ಚೆಕ್‌ಸ್ಟೋ. ಬಿ ಆಪ್ಷನ್ ಕೊಟ್ಟರೆ ತುಂಡಾದ ಲಿಂಕುಗಳನ್ನು, ಎ ಕೊಟ್ಟರೆ ಲಿಂಕ್ ಅಲ್ಲದ ಫೈಲುಗಳನ್ನು ಪಟ್ಟಿ ಮಾಡುತ್ತದೆ. ಎರಡನೆಯದು ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ಮರೆತು ನೇರವಾಗಿ ಯೂಸರ್ ಲೋಕಲ್‌ಗೇ ಮೇಕ್ ಇನ್‌ಸ್ಟಾಲ್ ಮಾಡಿದ್ದರೆ, ಇನ್‌ಸ್ಟಾಲ್ ಕಮಾಂಡ್ ಅಲ್ಲಿದ್ದ ಲಿಂಕ್ ಅಳಿಸಿ ಅಸಲಿ ಫೈಲ್ ಇಟ್ಟಿರುತ್ತದೆ. ಫೋಲ್ಡರ್ ಮಡಚಿದ್ದರೆ ಇನ್ನೂ ಫಜೀತಿ, ಹೊಸ ಫೈಲುಗಳು ಲಿಂಕಿನ ಮೂಲಕ ಹಳೇ ಆವೃತ್ತಿಯ ಫೋಲ್ಡರಿನೊಳಗೇ ಹೋಗಿ ಸೇರುತ್ತವೆ.

ಯೂಸರ್ ಲೋಕಲ್‌ನಲ್ಲಿ ಮತ್ತೆ ಮತ್ತೆ ಕಾಡುವುದು ಶೇರ್ ಒಳಗಿನ ಇನ್ಫೋ ಫೋಲ್ಡರಿನ ಡಿಐಆರ್ ಅನ್ನುವ ಫೈಲು. ಅದು ಎಲ್ಲ ಇನ್ಫೋ ಪುಟಗಳ (ಗ್ನೂ ಕೈಪಿಡಿ ಪುಟಗಳ) ಸೂಚಿ. ಇನ್ಫೋ ಪುಟ ತರುವ ಪ್ಯಾಕೇಜುಗಳು ತಮ್ಮದೊಂದು ಸೂಚಿಯನ್ನೂ ಹೊತ್ತು ತರುತ್ತವೆ, ಹೆಸರು ಒಂದೇ. ಎರಡನೇ ಪ್ಯಾಕೇಜ್ ಕಟ್ಟುವಾಗ ತಕರಾರು ಖಂಡಿತ. ಸ್ಟೋ ಲೋಕಲ್ ಇಗ್ನೋರ್ ಫೈಲಿನಲ್ಲಿ ಅದರ ಹೆಸರು ಬರೆದು ಬಿಟ್ಟುಬಿಡು ಅನ್ನಬಹುದು. ಆದರೆ ಆ ಫೈಲ್ ಮಾಡಿದ ಕೂಡಲೇ ಸ್ಟೋ ತನ್ನೊಳಗಿನ ಪಟ್ಟಿಯನ್ನು ಕೈಬಿಡುತ್ತದೆ. ರೀಡ್‌ಮಿ, ಲೈಸೆನ್ಸ್, ಗಿಟ್ ಫೋಲ್ಡರ್ ಇವನ್ನೆಲ್ಲ ಲಿಂಕ್ ಮಾಡದೆ ಬಿಡುವ ಪಟ್ಟಿ ಅದು. ಅವನ್ನೂ ನೀವೇ ಬರೆಯಬೇಕು. ಅದೇ ಪಟ್ಟಿಯಲ್ಲಿ ಗಿಟ್‌ಇಗ್ನೋರ್ ಕೂಡ ಇದೆ. ಹೋಮ್‌ಗೆ ಗಿಟ್‌ಇಗ್ನೋರ್ ಲಿಂಕ್ ಯಾಕೆ ಬೀಳುತ್ತಿಲ್ಲ ಅಂತ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸಿಕೊಂಡಿದ್ದೆ.

ಬೇರೆ ಟೂಲ್‌ಗಳು ಇದ್ದ ಫೈಲನ್ನು ಹೇಗೆ ನೋಡುತ್ತವೆ ಅನ್ನುವುದನ್ನೂ ಹೇಳಬೇಕು. ನೀವು ತಿದ್ದಿದ ಕಾನ್ಫಿಗ್ ಫೈಲಿಗೆ ಹೊಸ ಆವೃತ್ತಿ ಬಂದರೆ ಡೆಬಿಯನ್‌ನ ಇನ್‌ಸ್ಟಾಲ್ ಟೂಲ್ ಡಿಪಿಕೆಜಿ ಯಾವುದು ಬೇಕು ಅಂತ ಕೇಳುತ್ತದೆ, ವ್ಯತ್ಯಾಸವನ್ನೂ ತೋರಿಸುತ್ತದೆ. ಆರ್ಚ್ ಲಿನಕ್ಸ್‌ನ ಪ್ಯಾಕ್‌ಮ್ಯಾನ್ ಹೊಸದನ್ನು ಪ್ಯಾಕ್‌ನ್ಯೂ ಅಂತ ಪಕ್ಕದಲ್ಲಿ ಇಟ್ಟು ಹೋಗುತ್ತದೆ. ಮ್ಯಾಕ್‌ನಲ್ಲಿ ಬಳಸುವ ಹೋಂಬ್ರೂ ಸ್ಟೋ ಥರವೇ ಲಿಂಕ್ ಹಾಕುತ್ತದೆ, ಅಡ್ಡ ಇದ್ದರೆ ನಿಲ್ಲುತ್ತದೆ, ಓವರ್‌ರೈಟ್ ಆಪ್ಷನ್ ಕೊಟ್ಟರೆ ಅಳಿಸಿ ಮುಂದುವರಿಯುತ್ತದೆ. ಸ್ಟೋನಲ್ಲಿ ಕೇಳುವುದೂ ಇಲ್ಲ, ಪಕ್ಕದಲ್ಲಿ ಇಡುವುದೂ ಇಲ್ಲ. ನಿಲ್ಲುತ್ತದೆ, ಇಲ್ಲವೇ ಅಡಾಪ್ಟ್ ಮಾಡುತ್ತದೆ. ಹಳೇ ಫೈಲಿಗೆ ಬ್ಯಾಕಪ್ ಹೆಸರು ಕೊಟ್ಟು ಪಕ್ಕಕ್ಕಿಡುವ ಒಂದು ಆಪ್ಷನ್ ಬಂದರೆ ನನಗೆ ನಿಜಕ್ಕೂ ಖುಷಿ. ಗಿಟ್ ಬಳಸದವರಿಗೆ ಅದು ತುಂಬಾ ಬೇಕು.

ಯಾವ ಆವೃತ್ತಿ ಅನ್ನುವುದೂ ಮುಖ್ಯ. ಡಾಟ್‌ಫೈಲ್ಸ್ ಆಪ್ಷನ್ 2019ರಲ್ಲಿ 2.3.0 ಜೊತೆ ಬಂತು. ಚುಕ್ಕೆಯಿಂದ ಶುರುವಾಗುವ ಹೆಸರಿನ ಫೈಲುಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಪ್ಯಾಕೇಜಿನಲ್ಲಿ ಚುಕ್ಕೆಯ ಬದಲು ಡಾಟ್ ಅಂತ ಅಕ್ಷರದಲ್ಲೇ ಬರೆದು ಹೆಸರಿಡಬಹುದು, ಆಗ ಫೈಲುಗಳು ಬಚ್ಚಿಟ್ಟುಕೊಳ್ಳುವುದಿಲ್ಲ. ಆದರೆ ಫೋಲ್ಡರ್ ಹೆಸರಿಗೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸರಿ ಹೋಗಿದ್ದು 2024ರ 2.4.0ರಲ್ಲಿ. ನಿಮ್ಮಲ್ಲಿ 2.3.1 ಇದ್ದರೆ ಆ ಆಪ್ಷನ್ ಸದ್ಯಕ್ಕೆ ಬೇಡ.

ಹೋದ ತಿಂಗಳು ಲ್ಯಾಪ್‌ಟಾಪಿನ ಸಿಸ್ಟಂ ಪೂರ್ತಿ ಹೊಸದಾಗಿ ಹಾಕಿದೆ. ಹದಿನಾಲ್ಕು ಪ್ಯಾಕೇಜ್, ತಾಲೀಮಿನಲ್ಲಿ ಐದು ತಕರಾರು. ಎರಡು ಸ್ಕೆಲ್‌ನವು, ಎರಡು ಆಗಲೇ ತೆರೆದಿದ್ದ ಪ್ರೋಗ್ರಾಂಗಳು ಬರೆದವು. ಐದನೆಯದು ಜೆಡ್‌ಎಸ್‌ಎಚ್ ಶೆಲ್ಲಿನ ಸೆಟ್ಟಿಂಗ್ ಫೈಲ್ ಜೆಡ್‌ಎಸ್‌ಎಚ್‌ಆರ್‌ಸಿ. ನಾನು ಅದನ್ನು ಮುಟ್ಟಿರಲೇ ಇಲ್ಲ. ಅಡಾಪ್ಟ್ ಮಾಡಿ ಡಿಫ್ ನೋಡಿದರೆ ನನ್ನ ಎಂಬತ್ತು ಸಾಲು ಕೆಂಪಗೆ, ಕೆಳಗೆ ಒಂದೇ ಒಂದು ಹಸಿರು ಸಾಲು. ಬೆಳಿಗ್ಗೆ ಹಾಕಿದ ಒಂದು ಇನ್‌ಸ್ಟಾಲರ್ ತನ್ನ ಪಾತ್ ಸೇರಿಸಿ ಹೋಗಿತ್ತು. ಎಂಬತ್ತು ಸಾಲನ್ನು ವಾಪಸ್ ತಂದು, ಆ ಹಸಿರು ಸಾಲನ್ನು ಕೊನೆಯಲ್ಲಿ ಅಂಟಿಸಿ, ಕಮಿಟ್ ಮಾಡಿದೆ.